ಬ್ಯಾಡಗಿಯಿಂದ ಮನೆಯಲ್ಲೇ ಪ್ಯಾಪ್ರಿಕಾ: ಮಿರಗದ ಮಳೆಗೆ ಮುಂಚೆ ಮಾಡಿಡುವ ಕೆಂಪು ಪುಡಿ

ಪ್ಯಾಪ್ರಿಕಾ ಎಂದು ಬರೆದಿದ್ದ ಒಂದು ಪುಟ್ಟ ಬಾಟಲಿ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಎರಡು ವರ್ಷ ಕೂತಿತ್ತು. ಮಗಳು ಯಾವುದೋ ಸೂಪ್ ಮಾಡಲು ತಂದಿದ್ದಳು. ಒಂದು ಚಮಚ ಖರ್ಚಾಯಿತು, ಉಳಿದದ್ದು ಅಲ್ಲೇ ಉಳಿಯಿತು. ಕೊನೆಗೊಮ್ಮೆ ಮುಚ್ಚಳ ತೆಗೆದು ನೋಡಿದರೆ ಇಟ್ಟಿಗೆ ಪುಡಿಯ ಬಣ್ಣ, ರಟ್ಟಿನ ಡಬ್ಬಿಯ ವಾಸನೆ. ಅದೇ ಕಪಾಟಿನ ಕೆಳಗಿನ ಸಾಲಿನಲ್ಲಿ ಹಿಂದಿನ ಬೇಸಿಗೆಯ ಬ್ಯಾಡಗಿ ಖಾರ ಇನ್ನೂ ಕುಂಕುಮದ ಹಾಗೆ ಇತ್ತು. ಬೆಳಗಾವಿಯಲ್ಲಿ ಕೂತು ಪ್ಯಾಪ್ರಿಕಾ ಬಾಟಲಿ ಕೊಳ್ಳುವುದು ಅಂದರೆ ಗೋಕಾಕದಲ್ಲಿ ಕೂತು ಹೊರ ಊರಿನಿಂದ ಕರದಂಟು ತರಿಸಿದ ಹಾಗೆ ಅಂತ ಆವತ್ತು ಅನ್ನಿಸಿತು.

ಅದಾದ ಮೇಲೆ ಪ್ರತಿ ಬೇಸಿಗೆ ಮಸಾಲೆ ಖಾರದ ಜೊತೆಗೆ ಸ್ವಲ್ಪ ಪ್ಯಾಪ್ರಿಕಾವನ್ನೂ ಮಾಡಿಡುತ್ತೇನೆ. ಕೆಲಸ ಕಷ್ಟದ್ದಲ್ಲ, ಆದರೆ ಸಮಾಧಾನ ಬೇಕು. ಎಲ್ಲೆಲ್ಲಿ ಕೆಡುತ್ತದೆ ಎಂದು ಕೆಡಿಸಿಕೊಂಡೇ ಕಲಿತಿದ್ದೇನೆ.

ಮೊದಲು, ಇದು ಏನು?

ಪ್ಯಾಪ್ರಿಕಾ ಬೇರೆ ಜಾತಿಯ ಗಿಡವಲ್ಲ. ನಮ್ಮ ಬ್ಯಾಡಗಿ, ಸಂಕೇಶ್ವರಿ, ಗುಂಟೂರು, ಅಷ್ಟೇಕೆ ಡೊಣ್ಣಮೆಣಸಿನಕಾಯಿ ಕೂಡ ಒಂದೇ ಜಾತಿ. ಸಸ್ಯಶಾಸ್ತ್ರದಲ್ಲಿ ಅದನ್ನು ಕ್ಯಾಪ್ಸಿಕಂ ಆನ್ಯುಮ್ ಎನ್ನುತ್ತಾರೆ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಕೆಂಪು ಹಣ್ಣನ್ನು ಒಣಗಿಸಿ ನುಣ್ಣಗೆ ಬೀಸಿದರೆ ಅದೇ ಪ್ಯಾಪ್ರಿಕಾ. ಹೆಸರು ಹಂಗೇರಿಯದ್ದು. ಅಲ್ಲಿನ ಸೆಗೆಡ್ ಮತ್ತು ಕಲೋಚಾ ಎಂಬ ಊರುಗಳಿಗೆ ಇದರಿಂದಲೇ ಹೆಸರು ಬಂದಿದೆ. ನಮಗೆ ಬ್ಯಾಡಗಿ ಹೇಗೋ ಅವರಿಗೆ ಅವು ಹಾಗೆ. ಸೆಗೆಡ್‌ನಲ್ಲಿದ್ದ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಎಂಬ ವಿಜ್ಞಾನಿ ಊರ ತುಂಬ ಸಿಗುತ್ತಿದ್ದ ಈ ಹಣ್ಣಿನಿಂದಲೇ ವಿಟಮಿನ್ ಸಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಬಂತು.

ಹಂಗೇರಿಯ ಪ್ಯಾಪ್ರಿಕಾ ಮೊದಲಿನಿಂದಲೂ ಸಪ್ಪೆಯಾಗಿರಲಿಲ್ಲ ಎನ್ನುವುದು ನನಗೆ ಇಷ್ಟವಾದ ಸಂಗತಿ. ಅದೂ ಖಾರವೇ ಇತ್ತು. ಒಳಗಿನ ಬೀಜ, ನಾರು ಬಿಡಿಸಿ ಬೀಸಿ ಖಾರ ಇಳಿಸುತ್ತಿದ್ದರು. ಹುಟ್ಟಾ ಖಾರವಿಲ್ಲದ ತಳಿ ಸೆಗೆಡ್‌ನಲ್ಲಿ ಸಿಕ್ಕಿದ್ದು 1920ರ ದಶಕದಲ್ಲಿ. ಅಂದರೆ ನಾವು ಈಗ ಬ್ಯಾಡಗಿಗೆ ಮಾಡಲು ಹೊರಟಿರುವುದು ಅವರ ಅಜ್ಜಿಯರು ಮಾಡುತ್ತಿದ್ದ ಕೆಲಸವನ್ನೇ.

ನಮ್ಮ ಕಡೆ ಒಂದು ಗೊಂದಲ ಇದೆ. ಖಾರ ಅಂದರೆ ನಮಗೆ ಮಸಾಲೆ ಖಾರವೇ ನೆನಪಾಗುವುದು. ಅದರಲ್ಲಿ ಕೊತ್ತಂಬರಿ, ಜೀರಿಗೆ, ಒಣ ಕೊಬ್ಬರಿ, ಎಳ್ಳು, ಬಳ್ಳೊಳ್ಳಿ, ಎಲ್ಲಾ ಹುರಿದು ಕೂಡಿಸಿರುತ್ತೇವೆ. ಪ್ಯಾಪ್ರಿಕಾದಲ್ಲಿ ಮೆಣಸಿನಕಾಯಿ ಬಿಟ್ಟು ಬೇರೇನೂ ಇರಬಾರದು. ಹುರಿಯಲೂ ಬಾರದು. ಈ ಎರಡು ಮಾತು ನೆನಪಿದ್ದರೆ ಅರ್ಧ ಕೆಲಸ ಆದಂತೆ.

ಯಾವ ಕಾಯಿ, ಯಾವಾಗ

ಹೊಸ ಕಾಯಿ ಪೇಟೆಗೆ ಬರುವುದು ಚಳಿಗಾಲ ಮುಗಿಯುವ ಹೊತ್ತಿಗೆ. ನಾನು ಕೊಳ್ಳುವುದು ಶಿವರಾತ್ರಿಯಿಂದ ಯುಗಾದಿಯ ನಡುವೆ, ರವಿವಾರ ಪೇಟೆಯಲ್ಲಿ. ಅದಕ್ಕಿಂತ ತಡವಾದರೂ ಸಿಗುತ್ತದೆ. ಆದರೆ ಕಳೆದ ವರ್ಷದ ಕೋಲ್ಡ್ ಸ್ಟೋರೇಜ್ ಮಾಲು ನಡುವೆ ಸೇರಿಕೊಂಡಿರುತ್ತದೆ. ಏನೇ ಆಗಲಿ, ಮಿರಗ ಹೂಡುವ ಮುಂಚೆ, ಅಂದರೆ ಜೂನ್ ಮೊದಲ ವಾರಕ್ಕೆ ಮುಂಚೆ, ಪುಡಿ ಡಬ್ಬಿ ಸೇರಿರಬೇಕು. ಬೆಳಗಾವಿಯ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ಮೆಣಸಿನಕಾಯಿಯ ಕಥೆ ಹೇಳುವುದೇ ಬೇಡ.

ಬ್ಯಾಡಗಿಯಲ್ಲಿ ಎರಡು ಬಗೆ. ಕಡ್ಡಿ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ದುಂಡಗೆ, ಮೈತುಂಬ ಸುಕ್ಕು. ನಮಗೆ ಬೇಕಾದ್ದು ಡಬ್ಬಿ. ಅದರ ಬಣ್ಣ ಗಾಢ, ಖಾರ ಕಡಿಮೆ. ರೇಟು ಜಾಸ್ತಿಯೇ ಇರುತ್ತದೆ, ಇರಲಿ. ಈ ಪುಡಿ ನಮಗೆ ವರ್ಷಕ್ಕೆ ಬೇಕಾಗುವುದು ಕಾಲು ಕಿಲೋ, ಅರ್ಧ ಕಿಲೋ ಅಷ್ಟೇ. ಡಬ್ಬಿ ಸಿಗದಿದ್ದರೆ ಕಡ್ಡಿಯಲ್ಲೂ ನಡೆಯುತ್ತದೆ, ಖಾರ ಒಂದು ಪಾಲು ಏರುತ್ತದೆ.

ಬ್ಯಾಡಗಿ ಊರು ಇರುವುದು ಹಾವೇರಿ ಜಿಲ್ಲೆಯಲ್ಲಿ. ಅಲ್ಲಿನ ಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರ ಬಣ್ಣವನ್ನು ಕಾರ್ಖಾನೆಗಳಲ್ಲಿ ಎಣ್ಣೆಯ ರೂಪದಲ್ಲಿ ತೆಗೆದು ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಬಳಸುತ್ತಾರೆ. ಚಿಪ್ಸ್ ಪ್ಯಾಕೆಟ್ಟಿನ ಹಿಂದೆ 160ಸಿ ಎಂಬ ಅಂಕಿ ಕಂಡರೆ ಅದು ಪ್ಯಾಪ್ರಿಕಾದಿಂದ ತೆಗೆದ ಬಣ್ಣ. ವ್ಯಾಪಾರಸ್ಥರು ಈ ಕೆಂಪನ್ನು ಆಸ್ಟಾ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಏರಿದಷ್ಟೂ ಬಣ್ಣ ಜಾಸ್ತಿ. ಒಳ್ಳೆಯ ಬ್ಯಾಡಗಿ 150ರ ಆಚೆಗೂ ಹೋಗುತ್ತದೆ. ಅಂದರೆ ಬಣ್ಣದ ವಿಷಯದಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ.

ಇನ್ನು ನಮ್ಮ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಕಾಯಿ. ಅದು ತೆಳ್ಳಗೆ, ಉದ್ದಕ್ಕೆ, ಘಾಟು ಮತ್ತು ಖಾರ ಎರಡೂ ಇರುವಂಥದ್ದು. ಪಕ್ಕದ ಕೊಲ್ಹಾಪುರದ ಅಡುಗೆಯಲ್ಲೂ ಅದಕ್ಕೆ ಬೆಲೆ ಇದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ ಎನ್ನುವುದು ನಮ್ಮ ಮನೆಗಳ ಹಳೆಯ ಲೆಕ್ಕ. ಸಿಹಿ ಪ್ಯಾಪ್ರಿಕಾಗೆ ಸಂಕೇಶ್ವರಿ ಬೇಡ. ಖಾರದ ಪ್ಯಾಪ್ರಿಕಾ ಬೇಕೆಂದರೆ ನಾಲ್ಕು ಪಾಲು ಬ್ಯಾಡಗಿಗೆ ಒಂದು ಪಾಲು ಸಂಕೇಶ್ವರಿ ಸಾಕು.

ಅಂಗಡಿಯಲ್ಲಿ ಹೀಗೆ ನೋಡಿ. ಒಂದು ಮುಷ್ಟಿ ಕಾಯಿ ಹಿಡಿದು ಅಲ್ಲಾಡಿಸಿ. ಒಣಗಿದ್ದರೆ ಒಳಗೆ ಬೀಜ ಗಲಗಲ ಎನ್ನುತ್ತದೆ. ಮುಷ್ಟಿ ಬಿಗಿದು ಬಿಟ್ಟಾಗ ಕಾಯಿ ತೊಗಲಿನ ಹಾಗೆ ಮೆತ್ತಗಿದ್ದರೆ, ತೂಕಕ್ಕೆಂದು ನೀರು ಚಿಮುಕಿಸಿರಬಹುದು. ಒಂದನ್ನು ಸೀಳಿ ಒಳಗೆ ನೋಡಿ. ಇದನ್ನು ಮಾತ್ರ ಬಿಡಬೇಡಿ. ಹೊರಗೆ ಫಳಫಳ ಹೊಳೆಯುವ ಕಾಯಿಯ ಒಳಗೆ ಬೂದು ಬಣ್ಣದ ಬೂಷ್ಟು ಕೂತಿರುತ್ತದೆ. ಅಂಥ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಒಣಗಿಸಿದರೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಬಿಳಿಚಿದ ಕಾಯಿ, ಕಪ್ಪು ಮಚ್ಚೆಯ ಕಾಯಿ ಆರಿಸಿ ಬಿಸಾಡಿ. ಮೂಗಿಗೆ ಹಿಡಿದರೆ ಒಣದ್ರಾಕ್ಷಿಯ ಹತ್ತಿರದ ಸಿಹಿ ವಾಸನೆ ಬರಬೇಕು, ಮಣ್ಣು ನೆನೆದ ವಾಸನೆ ಅಲ್ಲ.

ಒಂದು ಕಿಲೋ ಡಬ್ಬಿ ತಂದರೆ ತುಂಬು (ತೊಟ್ಟು), ಬೀಜ, ನಾರು, ಕೆಟ್ಟ ಕಾಯಿ ಎಲ್ಲಾ ಹೋಗಿ ಕೊನೆಗೆ ಕೈಗೆ ಬರುವುದು ಅರ್ಧ ಕಿಲೋಕ್ಕಿಂತ ಸ್ವಲ್ಪ ಜಾಸ್ತಿ. ಮೊದಲ ಸಲ ಮಾಡುವವರು ಅರ್ಧ ಕಿಲೋ ಕಾಯಿಯಿಂದ ಶುರು ಮಾಡಿ.

ಬಿಸಿಲು, ಅದೂ ಲೆಕ್ಕದ ಬಿಸಿಲು

ಕಾಯಿ ತೊಳೆಯಬೇಡಿ. ಒದ್ದೆ ಬಟ್ಟೆ ಹಿಂಡಿ, ಅದರಿಂದ ಧೂಳು ಒರೆಸಿ. ಆಮೇಲೆ ಮಾಳಿಗೆಯ ಮೇಲೆ ಹಳೆ ಹತ್ತಿ ಸೀರೆ ಹಾಸಿ ಒಂದೇ ಪದರವಾಗಿ ಹರಡಿ. ಮೇಲೊಂದು ತೆಳು ಬಿಳಿ ಬಟ್ಟೆ ಹೊದಿಸಿ. ಇದು ಕಾಗೆಗೆ, ಧೂಳಿಗೆ ಅಷ್ಟೇ ಅಲ್ಲ. ಮೆಣಸಿನಕಾಯಿಯ ಕೆಂಪು ಕ್ಯಾರೊಟಿನಾಯ್ಡ್ ಎಂಬ ಬಣ್ಣಗಳಿಂದ ಬಂದದ್ದು. ನೇರ ಬೆಳಕು ಬಿದ್ದಷ್ಟೂ ಅವು ಮಾಸುತ್ತವೆ. ನಮಗೆ ಬಿಸಿಲಿನ ಕಾವು ಬೇಕು, ಬೆಳಕು ಬೇಡ. ವಾರಗಟ್ಟಲೆ ಒಣಗಿಸಿ ಬಿಳಿಚಿಸಿಕೊಂಡವರನ್ನು ನೋಡಿದ್ದೇನೆ.

ಬೆಳಿಗ್ಗೆ ಒಂಬತ್ತಕ್ಕೆ ಹಾಕಿ, ನಾಲ್ಕಕ್ಕೆ ಒಳಗೆ ತನ್ನಿ. ಎರಡು ದಿನ ಸಾಕು. ರಾತ್ರಿ ಮಾಳಿಗೆಯ ಮೇಲೆ ಬಿಡಬೇಡಿ, ಬೆಳಗಾವಿಯಲ್ಲಿ ಮಾರ್ಚ್‌ನಲ್ಲೂ ಬೆಳಗಿನ ತಂಪು ಕಾಯಿಯನ್ನು ಮೆತ್ತಗೆ ಮಾಡುತ್ತದೆ. ಏಪ್ರಿಲ್ ದಾಟಿದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಮೋಡ ಕಂಡರೆ ಮೊದಲು ಮೆಣಸಿನಕಾಯಿ ಒಳಗೆ, ಬಟ್ಟೆ ಆಮೇಲೆ.

ತುಂಬು ಬಿಡಿಸುವುದು, ನಾರು ಕೀಳುವುದು

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನ ಮಾಡಿ.

ಖಾರ ಬೀಜದಲ್ಲಿದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿ ನಾರಿನಲ್ಲಿ. ಬೀಜಕ್ಕೆ ಅದು ಸವರಿರುತ್ತದೆ ಅಷ್ಟೇ. ಹಾಗಾಗಿ ಬೀಜ ಉದುರಿಸಿ ನಾರು ಬಿಟ್ಟರೆ ಖಾರ ಅಲ್ಲೇ ಉಳಿಯಿತು. ಬಣ್ಣವಾದರೋ ಹೊರಗಿನ ಸಿಪ್ಪೆಯಲ್ಲಿದೆ. ಸಿಪ್ಪೆ ಇಟ್ಟುಕೊಂಡು ನಾರು ಬಿಟ್ಟರೆ ಕೆಂಪು ಉಳಿಯುತ್ತದೆ, ಉರಿ ಇಳಿಯುತ್ತದೆ. ಪ್ಯಾಪ್ರಿಕಾದ ಗುಟ್ಟೇ ಇದು.

ಮೊದಲು ಕೈಗೆ. ರಬ್ಬರ್ ಗ್ಲೌಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೆರಳ ಸಂದಿಗೂ ಸೇರುವ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಕೆಲಸ ಮುಗಿದ ಮೇಲೆ ಬರೀ ನೀರಲ್ಲಿ ಕೈ ತೊಳೆದರೆ ಉರಿ ಹರಡುತ್ತದೆ. ಮೊದಲು ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು. ಆಮೇಲೂ ಒಂದು ತಾಸು ಕಣ್ಣು ಮುಟ್ಟಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಈ ಕೆಲಸವನ್ನು ಬೇರೆ ಯಾರಿಗಾದರೂ ಕೊಡಿ.

ಬಿಸಿಲಿನಿಂದ ತಂದ ಕಾಯಿಯ ತುಂಬು ತಿರುವಿ ಕೀಳಿ. ಕತ್ತರಿಯಿಂದ ಉದ್ದಕ್ಕೆ ಒಂದು ಸೀಳು ಹಾಕಿ ಪುಸ್ತಕ ತೆರೆದ ಹಾಗೆ ತೆರೆಯಿರಿ. ಬೀಜ ಉದುರಿಸಿ. ಒಳಗಿನ ಹಳದಿ-ಬಿಳಿ ನಾರನ್ನು ಚಮಚದ ತುದಿಯಿಂದ ಕೆರೆಯಿರಿ. ಡಬ್ಬಿಯ ಸುಕ್ಕಿನಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ, ತಲೆಕೆಡಿಸಿಕೊಳ್ಳಬೇಡಿ. ಅರ್ಧ ಕಿಲೋಕ್ಕೆ ಒಬ್ಬರೇ ಕೂತರೆ ಎರಡು ತಾಸು ಹಿಡಿಯುತ್ತದೆ. ಫ್ಯಾನ್ ಹಾಕಬೇಡಿ. ಬಾಗಿಲು ತೆರೆದಿಟ್ಟು, ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬರುವ ಹಾಗೆ ಕೂತುಕೊಳ್ಳಿ.

ಬೀಜ, ನಾರು ಬಿಸಾಡಬೇಡಿ. ಅದೇ ವಾರ ಮಸಾಲೆ ಖಾರಕ್ಕೆ ಹುರಿಯುವವರಿದ್ದರೆ ಅದಕ್ಕೆ ಸೇರಿಸಿ. ಬೀಜದಲ್ಲಿ ಒಂದು ಮುಷ್ಟಿಯನ್ನು ಪ್ಯಾಪ್ರಿಕಾಗೇ ತೆಗೆದಿಡಿ. ಯಾಕೆ ಎಂದು ಬೀಸುವಾಗ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಷ್ಟೆಲ್ಲಾ ಮಾಡಿದರೂ ಬ್ಯಾಡಗಿ ಪೂರ್ತಿ ಸಪ್ಪೆ ಆಗುವುದಿಲ್ಲ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಖಾರ ಅಳೆಯಲು ಒಂದು ಲೆಕ್ಕ ಹಾಕಿಕೊಟ್ಟ. ಆ ಲೆಕ್ಕದಲ್ಲಿ ಡೊಣ್ಣಮೆಣಸಿನಕಾಯಿಗೆ ಸೊನ್ನೆ. ಸಿಹಿ ಪ್ಯಾಪ್ರಿಕಾ ನೂರರ ಲೆಕ್ಕದಲ್ಲೇ ನಿಲ್ಲುತ್ತದೆ. ಬ್ಯಾಡಗಿ ಸಾವಿರದ ಲೆಕ್ಕಕ್ಕೆ ಏರುತ್ತದೆ. ನಾರು ಕಿತ್ತರೂ ಸಿಪ್ಪೆಯ ಒಳಮೈಗೆ ಸವರಿದ ಖಾರ ಉಳಿಯುತ್ತದೆ. ರೊಟ್ಟಿಯ ಜೊತೆ ಹಸಿಮೆಣಸಿನಕಾಯಿ ಕಚ್ಚುವ ನಮಗೆ ಅದು ಖಾರವೇ ಅಲ್ಲ. ಚಿಕ್ಕ ಮಕ್ಕಳಿಗೆ, ಹೊರದೇಶದ ನೆಂಟರಿಗೆ ಅದು ಖಾರವೇ.

ಸಿಹಿ ಬೇಕೆಂದರೆ ಡೊಣ್ಣಮೆಣಸಿನಕಾಯಿ

ಹಂಗೇರಿಯ ಹಣ್ಣಿನ ಸಿಪ್ಪೆ ದಪ್ಪ, ಸಕ್ಕರೆ ಅಂಶ ಜಾಸ್ತಿ. ಬ್ಯಾಡಗಿಯದು ತೆಳು. ಬಣ್ಣದಲ್ಲಿ ನಾವು ಗೆದ್ದೆವು, ಸಿಹಿಯಲ್ಲಿ ಸೋತೆವು. ಈ ಕೊರತೆ ತುಂಬಲು ಕೆಂಪು ಡೊಣ್ಣಮೆಣಸಿನಕಾಯಿ ಒಣಗಿಸಿ ಸೇರಿಸಬಹುದು. ಪೂರ್ತಿ ಕೆಂಪಾದ ಹಣ್ಣೇ ಆಗಬೇಕು, ಅರ್ಧ ಹಸಿರು ಇದ್ದರೆ ಪುಡಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಬೀಜ, ನಾರು ತೆಗೆದು, ಬೆರಳಗಲದ ಪಟ್ಟಿ ಬೇಡ, ಅದರ ಅರ್ಧ ಅಗಲಕ್ಕೆ ಹೆಚ್ಚಿ. ಸ್ಟೀಲ್ ಜಾಲರಿಯ ಮೇಲೆ ತೆಳು ಬಟ್ಟೆ ಹಾಸಿ, ಒಂದಕ್ಕೊಂದು ತಾಗದ ಹಾಗೆ ಹರಡಿ. ಏಪ್ರಿಲ್ ಬಿಸಿಲಿಗೆ ಮೂರರಿಂದ ನಾಲ್ಕು ದಿನ ಬೇಕು. ಮೊದಲ ದಿನ ಸಂಜೆ ಒಳಗೆ ತಂದು ಫ್ಯಾನ್ ಕೆಳಗೆ ಇಡಿ, ಇಲ್ಲದಿದ್ದರೆ ರಾತ್ರಿಯೇ ಹುಳಿ ವಾಸನೆ ಶುರುವಾಗುತ್ತದೆ. ಓವನ್ ಇದ್ದವರು 60 ಡಿಗ್ರಿಯಲ್ಲಿ ಬಾಗಿಲು ಸ್ವಲ್ಪ ತೆರೆದಿಟ್ಟು ಎಂಟು-ಹತ್ತು ತಾಸು ಒಣಗಿಸಿ. ಈ ಹಣ್ಣಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ಒಂದು ಕಿಲೋ ಒಣಗಿಸಿದರೆ ನೂರು ಗ್ರಾಂ ಕೂಡ ಸಿಗುವುದಿಲ್ಲ. ಮೊದಲ ಸಲ ತಟ್ಟೆ ನೋಡಿ ನನಗೆ ಅಳು ಬಂತು. ಆದರೆ ಒಂದು ಪಟ್ಟಿ ಬಾಯಿಗೆ ಹಾಕಿ ನೋಡಿ, ಹಣ್ಣಿನ ಮಿಠಾಯಿಯ ಹಾಗೆ ಇರುತ್ತದೆ.

ಮೂರು ಪಾಲು ಬ್ಯಾಡಗಿ ಸಿಪ್ಪೆಗೆ ಒಂದು ಪಾಲು ಇದು. ಇಷ್ಟು ಸೇರಿಸಿದರೆ ಖಾರವೂ ತಾನಾಗಿ ಇಳಿಯುತ್ತದೆ. ಬೇಡ ಅನ್ನಿಸಿದರೆ ಈ ಹೆಜ್ಜೆ ಬಿಟ್ಟುಬಿಡಿ, ಬರೀ ಬ್ಯಾಡಗಿಯ ಪುಡಿಯೂ ಚೆನ್ನಾಗಿಯೇ ಇರುತ್ತದೆ.

ಬೀಸುವುದು

ಬೀಸುವ ದಿನ ಬೆಳಿಗ್ಗೆ ಸಿಪ್ಪೆಗಳಿಗೆ ಇನ್ನೊಂದು ಅರ್ಧ ದಿನ ಬಿಸಿಲು ತೋರಿಸಿ. ಮಡಚಿದರೆ ಚಟ್ ಎಂದು ಮುರಿಯಬೇಕು. ಬಾಗಿದರೆ ಇನ್ನೂ ಆಗಿಲ್ಲ. ಮೋಡ ಕವಿದಿದ್ದರೆ ದಪ್ಪ ತಳದ ಬಾಣಲೆಯನ್ನು ಕಾಯಿಸಿ, ಒಲೆ ಆರಿಸಿ, ಆ ಬಿಸಿಯಲ್ಲಷ್ಟೇ ಕೈಯಾಡಿಸಿ. ಒಲೆ ಹಚ್ಚಿಟ್ಟು ಹುರಿದರೆ ಒಳಗಿನ ಸಕ್ಕರೆ ಕಂದು ತಿರುಗಿ ಪುಡಿ ಚಾಕೊಲೇಟ್ ಬಣ್ಣಕ್ಕೆ ಹೋಗುತ್ತದೆ. ಮಸಾಲೆ ಖಾರಕ್ಕೆ ಅದು ಬೇಕು, ಇದಕ್ಕೆ ಬೇಡ.

ಗಿರಣಿಯೋ ಮಿಕ್ಸಿಯೋ? ಮೊದಲ ವರ್ಷ ನಾನು ಗಿರಣಿಗೆ ಒಯ್ದೆ. ನನಗಿಂತ ಮುಂಚೆ ಯಾರದೋ ಐದು ಕಿಲೋ ಲವಂಗಿ ಮೆಣಸಿನಕಾಯಿ ಬೀಸಿದ್ದರು. ಕಲ್ಲಿನ ಸಂದಿಯಲ್ಲಿ, ಚೀಲದ ಹೊಲಿಗೆಯಲ್ಲಿ ಉಳಿದದ್ದೆಲ್ಲಾ ನನ್ನ ಅರ್ಧ ಕಿಲೋಕ್ಕೆ ಬಂತು. ಎರಡು ತಾಸು ಕೂತು ಕೆರೆದ ನಾರಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆ ಪುಡಿಯನ್ನು ವರ್ಷವಿಡೀ ಸಾರಿಗೆ ಹಾಕಿ ಮುಗಿಸಿದೆವು. ಗಿರಣಿಯವರ ತಪ್ಪೇನಿಲ್ಲ, ಅವರು ಅರ್ಧ ಕಿಲೋಕ್ಕೆ ಯಂತ್ರ ತೊಳೆಯುತ್ತಾ ಕೂರಲಿಕ್ಕಾಗುತ್ತದೆಯೇ? ಎರಡು-ಮೂರು ಕಿಲೋಕ್ಕಿಂತ ಕಡಿಮೆ ಇದ್ದರೆ ಮಿಕ್ಸಿಯೇ ಸರಿ.

ಮಿಕ್ಸಿಯಲ್ಲಿ ಶತ್ರು ಬಿಸಿ. ಜಾರು ಪೂರ್ತಿ ಒಣಗಿರಲಿ. ಮೂರನೇ ಒಂದು ಭಾಗ ಮಾತ್ರ ತುಂಬಿ. ಇಪ್ಪತ್ತು ಸೆಕೆಂಡ್ ತಿರುಗಿಸಿ, ಒಂದು ನಿಮಿಷ ಬಿಡಿ, ಮತ್ತೆ ಇಪ್ಪತ್ತು ಸೆಕೆಂಡ್. ಜಾರು ಮುಟ್ಟಿದರೆ ಬೆಚ್ಚಗಿರಬಹುದು, ಬಿಸಿ ಇರಬಾರದು. ಬಿಸಿಯಾದರೆ ಬಣ್ಣವೂ ಮಾಸುತ್ತದೆ, ಪರಿಮಳವೂ ಹಾರುತ್ತದೆ. ಮುಗಿದ ಮೇಲೆ ಮುಚ್ಚಳ ತೆಗೆಯುವ ಮುಂಚೆ ಹತ್ತು ನಿಮಿಷ ಕಾಯಿರಿ. ತಕ್ಷಣ ತೆರೆದರೆ ಮನೆ ಮಂದಿಯೆಲ್ಲಾ ಕೆಮ್ಮುತ್ತಾ ಅಂಗಳಕ್ಕೆ ಬರುತ್ತಾರೆ.

ತೆಗೆದಿಟ್ಟ ಬೀಜ ಈಗ. ಸಿಪ್ಪೆಯ ಪುಡಿ ಅರ್ಧ ನುಣ್ಣಗಾದಾಗ ಒಂದು ಮುಷ್ಟಿ ಬೀಜ ಸೇರಿಸಿ ಮತ್ತೆ ತಿರುಗಿಸಿ. ಬೀಜದಲ್ಲಿ ಎಣ್ಣೆ ಇದೆ, ಮೆಣಸಿನಕಾಯಿಯ ಕೆಂಪು ಎಣ್ಣೆಗೆ ಕರಗುತ್ತದೆ. ಹಾಗಾಗಿ ಪುಡಿಗೆ ಒಂದು ಹೊಳಪು, ಮೈ ಬರುತ್ತದೆ. ಹಂಗೇರಿಯಲ್ಲೂ ಬೀಜವನ್ನು ತೊಳೆದು ಒಣಗಿಸಿ ಸ್ವಲ್ಪ ವಾಪಸ್ ಸೇರಿಸುವ ಪದ್ಧತಿ ಇದೆ. ಜಾಸ್ತಿ ಹಾಕಿದರೆ ಕಿತ್ತಳೆ ಬಣ್ಣಕ್ಕೆ ತಿರುಗಿ ಕಹಿ ಬರುತ್ತದೆ. ಅರ್ಧ ಕಿಲೋ ಸಿಪ್ಪೆಗೆ ಒಂದು ಮುಷ್ಟಿ, ಅಷ್ಟೇ.

ಹಿಟ್ಟಿನ ಜರಡಿ ಸಾಲದು. ತೆಳು ಮಲ್ಮಲ್ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿದು ಬೆರಳಿಂದ ಆಡಿಸಿ ಸೋಸಿ. ಮೇಲುಳಿದ ತರಿಯನ್ನು ಮತ್ತೆ ಮಿಕ್ಸಿಗೆ ಹಾಕಿ. ಮೂರು ಸುತ್ತಿಗೆ ಮುಗಿಸಿ. ಪ್ಯಾಪ್ರಿಕಾ ನಾಲಿಗೆಗೆ ತರಿ ಸಿಗಬಾರದು, ಪೌಡರ್ ಹಾಗೆ ಇರಬೇಕು.

ಹೊಗೆಯ ಪ್ಯಾಪ್ರಿಕಾ

ಸ್ಪೇನ್‌ನ ಲಾ ವೆರಾ ಎಂಬ ಕಡೆ ಈ ಹಣ್ಣನ್ನು ಬಿಸಿಲಿಗೆ ಬದಲು ಓಕ್ ಕಟ್ಟಿಗೆಯ ಹೊಗೆಯಲ್ಲಿ ಹತ್ತು-ಹದಿನೈದು ದಿನ ಒಣಗಿಸುತ್ತಾರೆ. ಹೆಸರು ಪಿಮೆಂಟೋನ್. ಅಷ್ಟು ದಿನ ಹೊಗೆ ಹಾಕಲು ನಮ್ಮಿಂದ ಆಗುವುದಿಲ್ಲ, ಆದರೆ ಹತ್ತಿರಕ್ಕೆ ಹೋಗಬಹುದು.

ಬೀಸುವ ಮುಂಚೆ ಸಿಪ್ಪೆಗಳನ್ನು ಅಗಲ ಬಾಯಿಯ ಸ್ಟೀಲ್ ಡಬರಿಯಲ್ಲಿ ಸಡಿಲವಾಗಿ ಹಾಕಿ. ನಡುವೆ ಒಂದು ವಾಟಿ ಇಡಿ. ಚೆನ್ನಾಗಿ ಕೆಂಪಾದ ಕಟ್ಟಿಗೆ ಇದ್ದಿಲು ಅದರಲ್ಲಿಟ್ಟು, ಮೇಲೆ ಒಂದು ಚಿಟಿಕೆ ಒಣಗಿದ ಮಾವಿನ ಕಟ್ಟಿಗೆಯ ಹೊಟ್ಟು ಹಾಕಿ ಮುಚ್ಚಿ. ತುಪ್ಪ ಹಾಕುವುದು ಬೇಡ, ಪುಡಿಗೆ ಜಿಡ್ಡಿನ ವಾಸನೆ ಬರುತ್ತದೆ. ಹತ್ತು ನಿಮಿಷ ಬಿಟ್ಟು, ತೆರೆದು, ಕೈಯಾಡಿಸಿ, ಹೊಸ ಇದ್ದಿಲಿನಿಂದ ಮತ್ತೆ ಮಾಡಿ. ಮೂರು-ನಾಲ್ಕು ಸಲ ಆದ ಮೇಲೆ ಪರಿಮಳ ಹಿಡಿಯುತ್ತದೆ. ಮಾಳಿಗೆಯ ಮೇಲೆ ಇಲ್ಲವೇ ಹಿತ್ತಲಲ್ಲಿ ಮಾಡಿ, ಮನೆಯೊಳಗೆ ಬೇಡವೇ ಬೇಡ. ಒಂದು ತುಂಡು ಮೆಣಸಿನಕಾಯಿ ಕೆಂಡಕ್ಕೆ ಬಿದ್ದರೆ ಓಣಿಯೇ ಕೆಮ್ಮುತ್ತದೆ. ಪಕ್ಕದ ಮನೆಯವರು ದೃಷ್ಟಿ ತೆಗೆಯುತ್ತಿದ್ದಾರೆ ಅಂದುಕೊಂಡು ಸುಮ್ಮನಿದ್ದರೆ ನಿಮ್ಮ ಪುಣ್ಯ.

ಬೀಸಿದ ಪುಡಿಗೆ ನೇರವಾಗಿ ಹೊಗೆ ಕೊಡಬಹುದೇ? ಕೊಟ್ಟು ನೋಡಿದೆ. ಮೇಲಿನ ಪದರಕ್ಕೆ ಮಾತ್ರ ಹಿಡಿಯುತ್ತದೆ, ಮಸಿಯೂ ಕೂರುತ್ತದೆ.

ಇಡುವುದು ಹೇಗೆ

ಪುಡಿ ತಣ್ಣಗಾದ ಮೇಲೆ ಸಣ್ಣ ಸಣ್ಣ ಗಾಜಿನ ಬಾಟಲಿಗೆ ಕಂಠದ ತನಕ ಒತ್ತಿ ತುಂಬಿ, ಒಳಗೆ ಗಾಳಿ ಉಳಿಯದಂತೆ. ಒಂದು ಬಾಟಲಿ ಮಾತ್ರ ಹೊರಗೆ, ಉಳಿದದ್ದು ಫ್ರಿಜ್‌ನಲ್ಲಿ. ಫ್ರಿಜ್‌ನಿಂದ ತೆಗೆದ ಬಾಟಲಿ ಹೊರಗಿನ ಬಿಸಿಗೆ ಬರುವ ತನಕ ಮುಚ್ಚಳ ತೆರೆಯಬೇಡಿ, ಒಳಗೆ ನೀರು ಕೂರುತ್ತದೆ. ಕುದಿಯುವ ಪಾತ್ರೆಯ ಮೇಲೆ ಬಾಟಲಿ ಹಿಡಿದು ಉದುರಿಸುವ ಅಭ್ಯಾಸವೂ ಬೇಡ, ಉಗಿ ಒಳಗೆ ಹೋಗಿ ಗಂಟು ಕಟ್ಟುತ್ತದೆ. ಆರು ತಿಂಗಳು ಬಣ್ಣ ಹಾಗೇ ಇರುತ್ತದೆ. ಹೊರಗಿಟ್ಟ ಬಾಟಲಿಗೆ ಬೆಳಕು ಬೀಳದಿರಲಿ. ಅಂಗಡಿಯ ಪ್ಯಾಪ್ರಿಕಾ ಕೆಡುವುದು ಹೀಗೆಯೇ: ಪಾರದರ್ಶಕ ಬಾಟಲಿ, ಮೇಲೆ ಟ್ಯೂಬ್‌ಲೈಟು, ತಿಂಗಳುಗಟ್ಟಲೆ ಕಪಾಟಿನ ವಾಸ.

ಅಂಗಡಿ ಪುಡಿಯನ್ನೇ ಕೊಳ್ಳುವವರಿಗೆ

ಎಲ್ಲರಿಗೂ ಇಷ್ಟು ಪುರುಸೊತ್ತು ಇರುವುದಿಲ್ಲ. ಕೊಂಡ ಪುಡಿಯನ್ನು ಒಮ್ಮೆ ನೋಡಿಕೊಳ್ಳಿ. ಒಂದು ಗ್ಲಾಸ್ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ, ಕಲಕಬೇಡಿ. ಕೆಂಪು ಬಣ್ಣ ಎಳೆ ಎಳೆಯಾಗಿ ತಕ್ಷಣ ಕೆಳಗೆ ಇಳಿದರೆ ನೀರಿಗೆ ಕರಗುವ ಬಣ್ಣ ಹಾಕಿದ್ದಾರೆ ಎಂದರ್ಥ. ಆಮೇಲೆ ಕಲಕಿ, ತಳಕ್ಕೆ ಕೂತದ್ದನ್ನು ಬೆರಳಿಂದ ತಿಕ್ಕಿ ನೋಡಿ. ಮರಳಿನ ಹಾಗೆ ಗರಗರ ಎಂದರೆ ಇಟ್ಟಿಗೆ ಪುಡಿ ಅಥವಾ ಮರಳು. ಸೋಪಿನ ಹಾಗೆ ಜಾರಿದರೆ ಬಳಪದ ಕಲ್ಲಿನ ಪುಡಿ.

ಸುಡಾನ್ ಎಂಬ ನಿಷೇಧಿತ ಬಣ್ಣ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ಅದು ಎಣ್ಣೆಗೆ ಕರಗುವಂಥದ್ದು. 2005ರಲ್ಲಿ ಬ್ರಿಟನ್ನಿನಲ್ಲಿ ಇದೇ ಬಣ್ಣ ಸೇರಿದ ಮೆಣಸಿನ ಪುಡಿಯಿಂದಾಗಿ ನೂರಾರು ಬಗೆಯ ಆಹಾರವನ್ನು ಅಂಗಡಿಗಳಿಂದ ವಾಪಸ್ ತೆಗೆಸಬೇಕಾಯಿತು. ಬಿಡಿಯಾಗಿ ಮಾರುವ, ನಂಬಲಾಗದಷ್ಟು ಅಗ್ಗದ, ನಂಬಲಾಗದಷ್ಟು ಕೆಂಪಾದ ಪುಡಿಯನ್ನು ಅಲ್ಲೇ ಬಿಟ್ಟು ಬನ್ನಿ.

ಅಡುಗೆಯಲ್ಲಿ

ಒಂದೇ ನಿಯಮ: ಪ್ಯಾಪ್ರಿಕಾಗೆ ಎಣ್ಣೆ ಬೇಕು, ಉರಿ ಬೇಡ. ಎಣ್ಣೆ ಸಿಗದಿದ್ದರೆ ಬಣ್ಣ ಬಿಡುವುದಿಲ್ಲ. ಕಾದ ಎಣ್ಣೆಗೆ ನೇರ ಹಾಕಿದರೆ ಹತ್ತು ಸೆಕೆಂಡಿನಲ್ಲಿ ಸೀದು ಕಹಿಯಾಗುತ್ತದೆ. ಹಂಗೇರಿಯ ಅಡುಗೆಯವರು ಪಾತ್ರೆಯನ್ನೇ ಒಲೆಯಿಂದ ಕೆಳಗಿಳಿಸಿ, ಪುಡಿ ಹಾಕಿ ಕೈಯಾಡಿಸಿ, ತಕ್ಷಣ ನೀರು ಹಾಕಿ ಮತ್ತೆ ಒಲೆಗೆ ಇಡುತ್ತಾರೆ. ನಾವು ಒಗ್ಗರಣೆಗೆ ಇಂಗು ಕೊನೆಗೆ ಹಾಕುವ ಹಾಗೆಯೇ, ಅಲ್ವಾ?

ಕಲಿಯಲು ಅವರ ಬಟಾಟೆ ಪಲ್ಯವೇ ಒಳ್ಳೆಯದು. ಹೆಸರು ಪಾಪ್ರಿಕಾಶ್ ಕ್ರುಂಪ್ಲಿ, ಅಂದರೆ ಪ್ಯಾಪ್ರಿಕಾ ಹಾಕಿದ ಬಟಾಟೆ. ಅವರು ಹಂದಿ ಕೊಬ್ಬಿನಲ್ಲಿ ಮಾಡಿ ಸಾಸೇಜ್ ಹಾಕುತ್ತಾರೆ, ನಾನು ಶೇಂಗಾ ಎಣ್ಣೆಯಲ್ಲಿ ಸಾಸೇಜ್ ಇಲ್ಲದೆ ಮಾಡುತ್ತೇನೆ. ಬೆಳಗಾವಿ ಸುತ್ತಲಿನ ಹೊಲಗಳ ಬಟಾಟೆ ಸಿಗುವ ಕಾಲದಲ್ಲಿ ಇನ್ನೂ ರುಚಿ.

ಅರ್ಧ ಕಿಲೋ ಬಟಾಟೆಗೆ ಎರಡು ದೊಡ್ಡ ಉಳ್ಳಾಗಡ್ಡಿ. ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯನ್ನು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಾಡಿಸಿ. ಕಂದು ಆಗಬಾರದು, ಕರಗುವ ಹಾಗೆ ಮೆತ್ತಗಾಗಬೇಕು. ಎರಡು ಎಸಳು ಬಳ್ಳೊಳ್ಳಿ ಜಜ್ಜಿ ಹಾಕಿ. ಅವರು ಶಾಹಿ ಜೀರಿಗೆಯಂಥ ಒಂದು ಕಾಳು ಹಾಕುತ್ತಾರೆ, ನಾವು ಅರ್ಧ ಚಮಚ ಜೀರಿಗೆ ಹಾಕಿದರೆ ನಡೆಯುತ್ತದೆ. ಈಗ ಪಾತ್ರೆ ಕೆಳಗಿಳಿಸಿ. ಒಂದು ದೊಡ್ಡ ಚಮಚ ಪ್ಯಾಪ್ರಿಕಾ ಹಾಕಿ ಕೈಯಾಡಿಸಿ. ಎಣ್ಣೆ ಕೆಂಪಗೆ ಬಿಡುವುದು ಕಾಣುತ್ತದೆ. ಕೂಡಲೇ ಅರ್ಧ ಲೋಟ ಬಿಸಿ ನೀರು. ಮತ್ತೆ ಒಲೆಗಿಟ್ಟು, ದಪ್ಪ ಹೋಳಿನ ಬಟಾಟೆ, ಒಂದು ಟೊಮ್ಯಾಟೊ, ಒಂದು ಡೊಣ್ಣಮೆಣಸಿನಕಾಯಿ, ಉಪ್ಪು ಹಾಕಿ, ಹೋಳು ಮುಳುಗುವಷ್ಟು ನೀರು ಹಾಕಿ ಮುಚ್ಚಿ. ಇಪ್ಪತ್ತು ನಿಮಿಷ ಬೇಕು. ಕೊನೆಗೆ ನಾಲ್ಕು ಹೋಳನ್ನು ಅಲ್ಲೇ ಹಿಸುಕಿದರೆ ಸಾರು ಗಟ್ಟಿಯಾಗುತ್ತದೆ. ಜೋಳದ ರೊಟ್ಟಿಗೆ, ಮೇಲೊಂದು ಚಮಚ ಗಟ್ಟಿ ಮೊಸರಿನ ಜೊತೆ ಚೆನ್ನಾಗಿರುತ್ತದೆ.

ಕೋಳಿ, ಪನೀರ್ ನೆನೆಸಲು ಮೊಸರಿಗೆ ಕಲಸಿ. ಆಮ್ಲೆಟ್, ಹುರಿದ ಮೆಕ್ಕೆಜೋಳದ ಮೇಲೆ ಹೊಗೆಯದ್ದನ್ನು ಉದುರಿಸಿ. ಉಪ್ಪಿಟ್ಟಿನ ಒಗ್ಗರಣೆಗೆ ಚಿಟಿಕೆ ಹಾಕಿದರೆ ನೋಡಲು ಚೆಂದ. ಎಣ್ಣೆಗಾಯಿಗೆ, ಝುಣಕಕ್ಕೆ ಮಾತ್ರ ಮಸಾಲೆ ಖಾರದ ಬದಲು ಇದನ್ನು ಹಾಕಬೇಡಿ. ನಾನೊಮ್ಮೆ ಹಾಕಿದೆ. ಬಣ್ಣ ನೋಡಿ ಎಲ್ಲರೂ ಹೆದರಿದರು, ಬಾಯಿಗಿಟ್ಟು ಖಾರ ಎಲ್ಲಿ ಎಂದು ಕೇಳಿದರು. ಅಲ್ಲಿ ಬೇಕಾಗಿದ್ದು ಹುರಿದ ಕೊಬ್ಬರಿ, ಕೊತ್ತಂಬರಿಯ ಘಮ. ಅದು ಇದರಲ್ಲಿ ಎಲ್ಲಿಂದ ಬರಬೇಕು?

ಪುಸ್ತಕದಲ್ಲೋ ವಿಡಿಯೋದಲ್ಲೋ ಒಂದು ಚಮಚ ಸಿಹಿ ಪ್ಯಾಪ್ರಿಕಾ ಎಂದಿದ್ದರೆ ನಾರು ಕಿತ್ತ ಬ್ಯಾಡಗಿ ಪುಡಿಯನ್ನು ಮೊದಲು ಮುಕ್ಕಾಲು ಚಮಚ ಹಾಕಿ ರುಚಿ ನೋಡಿ. ಏನೂ ಮಾಡಿಟ್ಟಿಲ್ಲ, ಈಗಲೇ ಬೇಕು ಎಂದರೆ ಅಂಗಡಿಯ ಕಾಶ್ಮೀರಿ ಮೆಣಸಿನ ಪುಡಿ ಅರ್ಧ ಚಮಚ.

ಇನ್ನು ಮಲ್ಮಲ್ ಬಟ್ಟೆಯ ಮೇಲೆ ಕೊನೆಗೂ ಬೀಸಲಾಗದೆ ಉಳಿಯುವ ಒಂದು ಹಿಡಿ ತರಿ. ಅದನ್ನು ಶೇಂಗಾ ಚಟ್ನಿ ಕುಟ್ಟುವಾಗ ಬಳ್ಳೊಳ್ಳಿ, ಉಪ್ಪಿನ ಜೊತೆ ಒರಳಿಗೆ ಹಾಕಿ. ನಮ್ಮ ಮನೆಯಲ್ಲಿ ಪ್ಯಾಪ್ರಿಕಾಗಿಂತ ಮೊದಲು ಖಾಲಿಯಾಗುವುದು ಆ ಚಟ್ನಿಯೇ.